ಹವಳದ ಕಲ್ಲಿನೊಳಗಿನ ಸದ್ದು

ಹಂಪನಕಟ್ಟೆಯಲ್ಲಿ ಮೂವತ್ತೆಂಟು ವರ್ಷ ಚಪ್ಪಲಿ ಅಂಗಡಿ ನಡೆಸಿದ್ದ ಅಹ್ಮದ್ ಬಾವರಿಗೆ ಕೊನೆಕೊನೆಗೆ ಕಿವಿ ಕೇಳಿಸದಾಯಿತು. ಗಿರಾಕಿ ಏಳು ನಂಬರು ಕೇಳಿದರೆ ಇವರು ಒಂಬತ್ತು ತೆಗೆದುಕೊಡುತ್ತಿದ್ದರು. ಅಂಗಡಿಯನ್ನು ಅಳಿಯನಿಗೆ ಬಿಟ್ಟು, ತೊಕ್ಕೊಟ್ಟಿನ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡಿಸಿಕೊಂಡರು. ಮೀನುಗಳೊಂದಿಗೆ ಮಾತಾಡಬೇಕಾಗಿರಲಿಲ್ಲ, ಅದೇ ಹಿತವಾಗಿತ್ತು.

ಎರಡು ವರ್ಷ ಕಳೆದ ಮೇಲೆ, ಹೆಂಡತಿ ನಸೀಬಾರ ಒತ್ತಾಯಕ್ಕೆ ಕಿವಿಗೆ ಮೆಷಿನ್ ಹಾಕಿಸಿಕೊಂಡರು. ಮರುದಿನ ಬೆಳಿಗ್ಗೆ ಮೀನಿಗೆ ತಿಂಡಿ ಹಾಕುವಾಗ 'ಟಕ್' ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೆ, ಗಾಜು ಬಿರಿದ ಹಾಗೆ, ಟಕ್.

"ನಸೀಬಾ, ಟ್ಯಾಂಕ್ ಒಡೀತಾ ಉಂಟು!"

ನಸೀಬಾ ಒಲೆಯ ಮುಂದಿನಿಂದ ಓಡಿಬಂದರು. ಕಿವಿಗೊಟ್ಟು ಕೇಳಿ ನಕ್ಕರು. "ಅದಾ? ಅದು ಮೊದಲಿಂದಲೂ ಉಂಟಲ್ಲ. ಪಂಪಿನದ್ದು ಅಂತ ಗ್ರಹಿಸಿದ್ದೆ ನಾನು."

ಬಾವ ಪಂಪ್ ಆಫ್ ಮಾಡಿದರು. ನೀರು ನಿಶ್ಚಲವಾಯಿತು. ಟಕ್!

ಟ್ಯಾಂಕ್ ಇಟ್ಟುಕೊಟ್ಟಿದ್ದ ಡೆರಿಲ್‌ಗೆ ಫೋನ್ ಹೋಯಿತು. ಅವನು ಮಧ್ಯಾಹ್ನದೊಳಗೆ ಬಂದು, ಟ್ಯಾಂಕಿನೊಳಗಿನ ಹವಳದ ಕಲ್ಲಿನ ಒಂದೊಂದೇ ತೂತಿಗೆ ಟಾರ್ಚ್ ಬಿಟ್ಟು ನೋಡಿದ.

"ಬಾವಾಕ, ಇಲ್ಲಿ ನೋಡಿ."

ತೂತಿನೊಳಗೆ ಅರ್ಧ ಬೆರಳುದ್ದದ ಸಿಗಡಿಯೊಂದಿತ್ತು. ಅದರ ಒಂದು ಕೈ ಸಣ್ಣದು, ಇನ್ನೊಂದು ಇಕ್ಕಳದಂತೆ ದಪ್ಪ.

"ಆಲ್ಫಿಯಸ್ ಅಂತ ಇದರ ಕುಲ. ಹವಳದ ಸಂದಿಯಲ್ಲಿ ಇರ್ತದೆ. ಆ ದೊಡ್ಡ ಕೈ ಮುಚ್ಚುವಾಗ ಈ ಸದ್ದು. ಕಲ್ಲಿನೊಟ್ಟಿಗೆ ಬಂದಿರಬೇಕು, ನಾನೂ ನೋಡಲಿಲ್ಲ ಮಾರಾಯ್ರೆ. ಸಣ್ಣ ಮೀನುಗಳಿಗೆ ತೊಂದರೆ ಕೊಡಬಹುದು. ತೆಗೆದುಬಿಡ್ತೇನೆ, ಆಗದಾ?"

"ಎರಡು ವರ್ಷದಲ್ಲಿ ಒಂದಾದರೂ ಮೀನು ಸತ್ತಿದೆಯಾ?"

"ಅದಿಲ್ಲ."

"ಮತ್ತೆ ಎಂತಕ್ಕೆ ತೆಗೆಯುವುದು? ಪಾಪ, ಇಷ್ಟು ದಿನ ನನ್ನ ಮನೆಯಲ್ಲೇ ಇದ್ದು ಸದ್ದು ಮಾಡಿದೆ. ಕೇಳದೆ ಇದ್ದದ್ದು ನನ್ನ ಕಿವಿಗೆ."

ಡೆರಿಲ್ ಹೋದ ಮೇಲೆ ಬಾವ ಅಡುಗೆಮನೆಗೆ ಬಂದರು. ನಸೀಬಾ ಸಾರಿಗೆಂದು ಸಿಗಡಿ ಸುಲಿಯುತ್ತಿದ್ದರು. ಬಾವ ಬಟ್ಟಲಿನಿಂದ ಒಂದು ಚೂರು ಎತ್ತಿಕೊಂಡರು.

"ಸಿಗಡಿಗೆ ಸಿಗಡಿಯನ್ನೇ ತಿನ್ನಿಸುವುದಾ? ಎಂತ ಮನುಷ್ಯರು ನೀವು!"

ಬಾವ ಟ್ಯಾಂಕಿನ ಬಳಿಗೆ ಹೋಗಿ ಚೂರನ್ನು ಚಿಮಟದಲ್ಲಿ ಹಿಡಿದು ತೂತಿನ ಬಾಯಿಗೆ ಇಳಿಸಿದರು. ಮೊದಲು ಎರಡು ಮೀಸೆ ಆಡಿದವು. ಆಮೇಲೆ ಸಣ್ಣ ಕೈ ಹೊರಬಂದು ಚೂರನ್ನು ಮೆಲ್ಲನೆ ಒಳಗೆ ಎಳೆದುಕೊಂಡಿತು. ಬಾವ ಮಗುವಿನಂತೆ ನಕ್ಕರು.

ನಸೀಬಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕುಳಿತರು. "ಸರಿಯಾಗಿ ಕಾಣಲಿಲ್ಲ ನನಗೆ," ಎಂದರು. "ಅದಕ್ಕೆ ಇನ್ನೊಂದು ಚೂರು ಕೊಡಿ, ನೋಡುವ."