ಕೆನ್ನೆಯ ಮೇಲಿನ ಗೆರೆ

ಎಣ್ಣೆ ಬೆಚ್ಚಗಿದೆ, ನೆತ್ತಿಯಿಂದ ಕಿವಿಯ ಹಿಂದಕ್ಕೆ ಇಳಿಯುತ್ತಿದೆ, ಎಡಗಡೆ ಇಳಿದರೆ ಇಳಿಯಲಿ, ಬಲಗಡೆ ಬೇಡ — ಬಲಗೆನ್ನೆಯ ಮೇಲೆ ಡಾಕ್ಟರು ಎಳೆದ ನೀಲಿ ಗೆರೆ ಇದೆ, ಬೆಟ್ಟಕ್ಕನಿಗೆ ಅದು ಗೊತ್ತಿಲ್ಲ, ನಿನ್ನೆ ಸಂಜೆ ತಾನೆ ಸಾಲಗಾಮೆಯಿಂದ ಗಾಡಿಯಲ್ಲಿ ಬಂದವಳು, ಬುಡ್ಡಿದೀಪದ ಬೆಳಕಿನಲ್ಲಿ ಗೆರೆ ಕಂಡಿಲ್ಲ, ಉಗಾದಿಗೆ ಶಾಂತಿಗ್ರಾಮದ ಈ ತವರಿಗೆ ಬಂದರೆ ತಂಗಿಗೆ ಎಣ್ಣೆ ಹಚ್ಚುವುದು ಅವಳದೇ ಕೆಲಸ, ಅವ್ವ ಸತ್ತ ಮೇಲೆ ಯಾರಿಗೂ ಬಿಟ್ಟುಕೊಟ್ಟಿಲ್ಲ. ಗರಿಕೆಯನ್ನು ಎಣ್ಣೆಗೆ ಅದ್ದಿ ನೆತ್ತಿಗಿಟ್ಟು, ಅಜ್ಜಿಯಾಗು ಮಲ್ಲೀ, ಮುತ್ತಜ್ಜಿಯಾಗು ಅಂದಳು, ನನಗೆ ನಗು ಬಂತು, ನಗಲು ಬಾಯಿ ಎಲ್ಲಿದೆ, ದವಡೆ ಬಿಗಿದಿದೆ, ನಾಲಿಗೆ ಬೆಂದಿದೆ, ಮಾತಾಡ ಹೊರಟರೆ ಗೊರಗೊರ ಸದ್ದು ಮಾತ್ರ. ಬಾಯಿ ಬೇಯುತ್ತದೆ ಎಂದು ಬೆಂಗಳೂರಿನ ಡಾಕ್ಟರು ಮೊದಲೇ ಹೇಳಿದ್ದರು, ಮೂರು ದಾರಿ ಹೇಳಿದ್ದರು, ಕೆನ್ನೆ ಕೊಯ್ದು ತೆಗೆಯುವುದು, ರೇಡಿಯಂ ಸೂಜಿ ಚುಚ್ಚಿ ಇಡುವುದು, ಇಲ್ಲವೇ ದೊಡ್ಡ ಯಂತ್ರದ ಕೆಳಗೆ ಮಲಗಿಸಿ ಕರೆಂಟ್ ಕೊಡುವುದು, ನಮ್ಮ ಯಜಮಾನರು ಕೈಮುಗಿದು, ಮೊಕ ಕುಯ್ಬ್ಯಾಡಿ ಸಾ, ಕರೆಂಟೇ ಕೊಡಿ ಅಂದರು, ಊರಿಗೆ ಇನ್ನೂ ಕಂಬ ಬಂದಿಲ್ಲ, ನನ್ನ ಕೆನ್ನೆಗೆ ಕರೆಂಟ್ ಬಂತು, ನೋಡು ನನ್ನ ಅದೃಷ್ಟ. ಮಲಗುವಾಗಲೂ ಕೆನ್ನೆಗೆ ಹೊಗೆಸೊಪ್ಪು ಒತ್ತಿಕೊಂಡೇ ಮಲಗಿದವಳು ನಾನು, ಹೆರಿಗೆ ನೋವಿನಲ್ಲೂ ಅದೇ ಧೈರ್ಯ ಕೊಟ್ಟಿತು, ಮೊದಲು ಒಂದು ಬಿಳಿ ಮಚ್ಚೆ, ಆಮೇಲೆ ಹುಣ್ಣು, ಅರಕಲಗೂಡಿನ ನಾಟಿವೈದ್ಯ ಸೊಪ್ಪು ಅರೆದು ಕಟ್ಟಿದ, ಉರಿ ಹೆಚ್ಚಿತು, ಹುಣ್ಣೂ ಹೆಚ್ಚಿತು. ಹಬ್ಬಕ್ಕೆ ಊರಿಗೆ ಬಿಡಿ ಅಂದಾಗ ಡಾಕ್ಟರು ಬೆರಳೆತ್ತಿ ಹೇಳಿದರು, ಹೋಗಿ ಬನ್ನಿ, ಆದರೆ ಈ ಗೆರೆಗೆ ನೀರು ಎಣ್ಣೆ ಸೋಪು ಏನೂ ತಾಗಿಸಬೇಡಿ, ಕರೆಂಟ್ ಎಲ್ಲಿ ಬೀಳಬೇಕು ಅಂತ ಅಳತೆ ಮಾಡಿ ಎಳೆದಿದೀನಿ, ಅಳಿಸಿದರೆ ಮತ್ತೆ ಮೊದಲಿಂದ ಅಳೆಯಬೇಕು, ಅಲ್ಲಿವರೆಗೂ ಹುಣ್ಣು ನಮಗಾಗಿ ಕಾಯ್ತಾ ಕೂರಲ್ಲ. ಯಜಮಾನರು ಹೂಂ ಸಾ ಹೂಂ ಸಾ ಅಂದರು, ಈಗ ಹೊರಗೆ ಬಾಗಿಲಿಗೆ ಮಾವಿನ ಸೊಪ್ಪು ಕಟ್ಟುತ್ತಿದ್ದಾರೆ.

ಬೆಟ್ಟಕ್ಕನ ಬೆರಳು ಈಗ ಕತ್ತಿನಲ್ಲಿ, ತಿಕ್ಕುತ್ತಿದ್ದಾಳೆ, ಏನಮ್ಮಿ ಇಂಗ್ ಇಳ್ದೋಗಿದ್ದೀಯ, ಮೂಳೆ ಕೈಗೆ ಸಿಕ್ತದೆ ಕಣೇ, ಅವಳಿಗೆ ಹಲ್ಲಿನ ಬಾವು ಎಂದಷ್ಟೇ ಹೇಳಿದ್ದಾರೆ, ಆ ಕಾಯಿಲೆಯ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತುವುದಿಲ್ಲ, ಎತ್ತಿದರೆ ಅಂಟುತ್ತದೆ. ಹೆಸರು ಗೊತ್ತಿರುವ ಅತ್ತಿಗೆ ಗಂಜಿಯ ಲೋಟವನ್ನು ಹೊಸ್ತಿಲ ಮೇಲಿಟ್ಟು ಹಿಂದೆ ಸರಿಯುತ್ತಾಳೆ, ಯಜಮಾನರು ಒಳ್ಳೆಯವರು, ನನಗಾಗಿ ಆಸ್ಪತ್ರೆ ಜಗಲಿಯಲ್ಲಿ ಮಲಗಿದವರು, ಆದರೆ ಬಸ್ಸಿನಿಂದ ಇಳಿಸುವಾಗ ನನ್ನ ಕೈ ಹಿಡಿಯಲಿಲ್ಲ, ಸೆರಗಿನ ತುದಿ ಹಿಡಿದರು. ಈ ಚಳಿಗಾಲ ಪೂರ್ತಿ ನನ್ನನ್ನು ಯಾರೂ ಮುಟ್ಟಲಿಲ್ಲ, ಆಸ್ಪತ್ರೆಯವರು ಮುಟ್ಟಿದರು, ಅದನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆ, ಅವರು ಹುಣ್ಣನ್ನು ಮುಟ್ಟಿದರು. ಬೆಟ್ಟಕ್ಕ ಮೂಗು ಮುಚ್ಚಿಕೊಂಡಿಲ್ಲ, ನಾತ ಅವಳಿಗೂ ಬರುತ್ತಿರಬೇಕು, ಕಿವಿಯ ಸಂದಿ, ಕಂಕುಳು, ಬೆನ್ನು, ಅವ್ವ ತಿಕ್ಕಿದ ಹಾಗೆಯೇ ಬಿರುಸಾಗಿ, ಅಳು ಬರುತ್ತಿದೆ, ಎಣ್ಣೆ ಕಣ್ಣಿಗೆ ಹೋಯಿತೆಂದುಕೊಳ್ಳಲಿ. ಹಂಡೆಯ ನೀರು ಕುದಿಯುತ್ತಿದೆ, ಸೀಗೆಪುಡಿ ಕಲಸಿದಳು, ಮುಂದಕ್ಕೆ ಬಂದು ಕುಕ್ಕರುಗಾಲಲ್ಲಿ ಕೂತಳು, ಅಯ್ಯೋ ಇದೇನಮ್ಮಿ, ವರ್ಸದ ದಿನ ಮೊಕದ್ ಮ್ಯಾಲೆ ಮಸಿ, ಯಾವ್ ಮುಂಡೇಮಗ ಇದ್ನ ಬಳ್ದ, ತಾಳು ಉಜ್ಜಿಬುಡ್ತೀನಿ.

ನನ್ನ ಕೈಯಲ್ಲಿ ಹಿತ್ತಾಳೆ ಚೊಂಬಿದೆ, ಕಲ್ಲಿಗೆ ಒಂದು ಸಲ ಕುಟ್ಟಿದರೆ ಸಾಕು, ಯಜಮಾನರು ಓಡಿ ಬರುತ್ತಾರೆ, ಬ್ಯಾಡ ಕಣಕ್ಕ, ಕ್ಯಾನ್ಸರ್ ಅದು ಅಂದುಬಿಡುತ್ತಾರೆ, ಆ ಹೆಸರು ಕೇಳಿದ ಮೇಲೆ ಈ ಕೈ — ಇರಬಹುದು, ಬೆಟ್ಟಕ್ಕ ಹಾಗಲ್ಲ, ಆದರೆ ಅತ್ತಿಗೆಯೂ ಮೊದಲು ಹಾಗಿರಲಿಲ್ಲ, ಕುಟ್ಟಬೇಕು, ಬದುಕಬೇಕು ನನಗೆ, ಮಗಳ ಮದುವೆ ನೋಡಬೇಕು, ಕುಟ್ಟು ಮಲ್ಲೀ, ಕುಟ್ಟೇ. ಎಡಗೈಯಲ್ಲಿ ನನ್ನ ಗಲ್ಲ ಹಿಡಿದಿದ್ದಾಳೆ, ಯಾಕಮ್ಮಿ ನಡುಗ್ತೀಯಾ, ನಾನಿವ್ನಿ ಕಣೇ, ಎಷ್ಟು ಬಿಸಿ ಅವಳ ಅಂಗೈ, ಒಂದು ಚಣ, ಇನ್ನೊಂದೇ ಚಣ, ಆಮೇಲೆ ಕುಟ್ಟುತ್ತೇನೆ, ಚೊಂಬನ್ನು ಸದ್ದಾಗದಂತೆ ತೊಡೆಯ ಮೇಲೆ ಇಟ್ಟುಕೊಂಡೆ, ಕೆನ್ನೆಯನ್ನು ಅವಳ ಅಂಗೈಗೆ ಒತ್ತಿದೆ, ಉರಿ, ಉರಿಯಲಿ, ನೀರು ಗಲ್ಲದಿಂದ ಇಳಿದು ಬಚ್ಚಲ ಕಲ್ಲಿಗೆ ಬಿತ್ತು, ನೀಲಿ, ಅಕ್ಕನ ಬೆರಳ ಸಂದಿಯಲ್ಲೂ ನೀಲಿ, ತೂಬಿನ ಕಡೆಗೆ ಹರಿಯುತ್ತಿದೆ, ನೀಲಿ, ನೀಲಿ ನೀರು —