ಬುಟ್ಟಿಯ ತಳದ ಗಂಟು

"ಎತ್ತು. ಕೈ ಹಾಕಿ ಎತ್ತು, ಎಲ್ಲರಿಗೂ ಕಾಣಲಿ."

ಒಂಬತ್ತನೇ ಕುಟೀರದ ಬಚ್ಚಲಲ್ಲಿ ಮಂಡಿಯೂರಿದ್ದ ವಾಸೆವಾ ಕಸದ ಬುಟ್ಟಿಗೆ ಕೈ ಹಾಕಿದಳು. ಮೊದಲು ಬಂದದ್ದು ಬಾಳೆಹಣ್ಣಿನ ಸಿಪ್ಪೆ. ಅದಕ್ಕೆ ಅಂಟಿಕೊಂಡು ಒಂದು ಪ್ಲಾಸ್ಟಿಕ್ ಬಾಟಲಿ, ಬಾಟಲಿಗೆ ಅಂಟಿಕೊಂಡು ಮಗುವಿನ ಹೇಲಿನ ಡೈಪರು.

"ಹಸಿರು ಬುಟ್ಟೀಲಿ ಏನಿರಬೇಕು?" ಬ್ರಿಜೆಟ್ ಕೇಳಿದಳು. ದ್ವೀಪದ ಆ ರೆಸಾರ್ಟಿನಲ್ಲಿ ಕಸ, ಪರಿಸರ ನೋಡಿಕೊಳ್ಳುವ ಹಸಿರು ವಿಭಾಗಕ್ಕೆ ಅವಳೇ ಮ್ಯಾನೇಜರು. ಯಾವತ್ತೂ ದನಿ ಏರಿಸಿದವಳಲ್ಲ.

"ಕೊಳೆಯೋವು, ಮೇಡಂ."

"ಇದು ಕೊಳೆಯುತ್ತಾ?"

"ಅದನ್ನ ಗೆಸ್ಟೇ ಹಾಕಿದ್ದು ಮೇಡಂ. ನಾನು ಈಗ ತಾನೆ ಬಂದೆ."

"ಗೆಸ್ಟ್ ಬರೋದು ರಜೆ ಕಳೆಯೋಕೆ. ವಿಂಗಡಿಸೋದು ನಿನ್ನ ಕೆಲಸ. ನಿಮ್ಮ ಹಳ್ಳೀಲಿ ಹೇಗಾದ್ರೂ ಇರಿ, ಇಲ್ಲಿ ಹಾಗೆ ನಡೆಯಲ್ಲ. ಆ ಕೈಲಿ ಸಿಪ್ಪೆ ಹಿಡ್ಕೋ, ಈ ಕೈಲಿ ಡೈಪರ್. ಹಾಂ, ಸ್ವಲ್ಪ ಮೇಲೆ. ನಗು."

ಜಗಲಿಯಲ್ಲಿ ತಲೆ ಒರೆಸಿಕೊಳ್ಳುತ್ತಿದ್ದ ಗೆಸ್ಟು ಇಣುಕಿ ನೋಡಿ ಮುಖ ಹೊರಳಿಸಿಕೊಂಡಳು. ಬ್ರಿಜೆಟ್ ಫೋಟೋ ತೆಗೆದಳು. ಮಂಗಳವಾರ ಹಳ್ಳಿಯ ಹೆಂಗಸರಿಗೆ ಅವಳು ನಡೆಸುವ ಕಸದ ಪಾಠದಲ್ಲಿ ಆ ಚಿತ್ರ ಗೋಡೆಯಷ್ಟು ದೊಡ್ಡದಾಗಿ ಮೂಡಿತು. ಬಟ್ಟೆ ಚೀಲ ಒಯ್ಯಿರಿ, ಬಾಟಲಿ ಬಿಸಾಡಬೇಡಿ, ಮತ್ತೆ ಬಳಸಿ ಎಂದು ಬ್ರಿಜೆಟ್ ಹೇಳುತ್ತಾ ಹೋದಳು. ವಾಸೆವಾಳ ಅತ್ತೆ ಉನೈಸಿ ಕೇದಗೆ ಚಾಪೆಯ ಮೇಲೆ ಕಾಲು ಚಾಚಿ ಕೂತು, ಸೊಸೆಯ ಕಿವಿಯಲ್ಲಿ ಗೊಣಗಿದಳು.

"ಬಾಟ್ಲಿ ಬಿಸಾಡ್ಬೇಡಿ ಅಂತಾಳಲ್ಲ ಈ ಮುಂಡೆ, ನಮ್ಗೆ ಬಾಟ್ಲಿ ಯಾವಾಗ ಸಿಕ್ತಂತೆ ಬಿಸಾಡಕ್ಕೆ? ಇಪ್ಪತ್ತು ವರ್ಸದಿಂದ ಒಂದೇ ಡಬ್ಬೀಲಿ ಎಣ್ಣೆ ಇಕ್ಕಿವ್ನಿ."

"ಸುಮ್ನಿರತ್ತೆ, ಕೇಳುಸ್ಕತಾಳೆ."

"ಕೇಳುಸ್ಕಳ್ಳಿ. ಅಕ್ಕಿ ಚೀಲ ಹೊಲ್ದು ನಿನ್ ಗಂಡನ್ನ ಅದ್ರಲ್ಲೇ ಮಲಗ್ಸಿ ಸಾಕಿವ್ನಿ ನಾನು."

ಶುಕ್ರವಾರ ತಪಾಸಣೆಯವರು ಬರುತ್ತಾರೆ, ಕಸವೇ ಇಲ್ಲದ ರೆಸಾರ್ಟು ಎಂದು ಪ್ರಮಾಣಪತ್ರ ಕೊಡುತ್ತಾರೆ ಎಂದು ಬ್ರಿಜೆಟ್ ಹೇಳಿ, ಚಪ್ಪಾಳೆಗೆ ಕಾದು ನಿಂತಳು. ಹೆಂಗಸರು ತಟ್ಟಿದರು.

ಕುಟೀರಗಳ ಕಸಕ್ಕೆ ತೆಂಗಿನ ಗರಿಯ ಬುಟ್ಟಿಗಳೇ ಇರಬೇಕೆಂಬುದು ಅವಳದೇ ಆಲೋಚನೆ. ನೋಡಲು ಚೆಂದ, ಪ್ಲಾಸ್ಟಿಕ್ ಡಬ್ಬಿ ಬೇಡ. ಹಳ್ಳಿಯ ಹೆಂಗಸರು ಹೆಣೆದು ಕೊಡುತ್ತಿದ್ದರು. ಹಸಿ ಗರಿ ಎರಡು ವಾರಕ್ಕೆ ಒಣಗಿ ಕಂದಾದಾಗ ಕಸದ ಜೊತೆಗೇ ಬುಟ್ಟಿಯೂ ಲಾರಿಗೆ ಹೋಗುತ್ತಿತ್ತು. ಅದರ ಜಾಗಕ್ಕೆ ಹೊಸದು. ಬುಟ್ಟಿಯ ಮೈ ಎಲ್ಲರದೂ ಒಂದೇ. ತಳ ಮುಚ್ಚುವ ಜಡೆಯ ಕೊನೆಯಲ್ಲಿ ಮಾತ್ರ ಒಂದೊಂದು ಮನೆಯ ಕೈ ಒಂದೊಂದು ಗಂಟು ಹಾಕುತ್ತದೆ. ಉನೈಸಿಯ ಬಲಗೈ ತೋರುಬೆರಳು ಹುಡುಗಿಯಾಗಿದ್ದಾಗಲೇ ಮೀನಿನ ಡಬ್ಬಿಯ ಮುಚ್ಚಳಕ್ಕೆ ಸಿಕ್ಕಿ ತುಂಡಾಗಿತ್ತು. ಹಾಗಾಗಿ ಅವಳ ಗಂಟು ಎಡಕ್ಕೆ ತಿರುಗಿ, ಎರಡು ಸುತ್ತು ಸುತ್ತಿ, ಒಳಗೆ ಹೊಕ್ಕುಬಿಡುತ್ತಿತ್ತು. ಈ ದಂಡೆಯಲ್ಲಿ ಅಂಥದ್ದು ಇನ್ನೊಂದಿಲ್ಲ.

ಪಾಠ ಮುಗಿದ ಮಧ್ಯಾಹ್ನ ಅಡಿಗೆಮನೆಯ ಹಿಂದೆ ಅಪಿಸಾಯ್ ಕಸದ ಲಾರಿ ತಂದು ನಿಲ್ಲಿಸಿದ. ಅವನು ಮೂಡಣ ದ್ವೀಪದವನು. ಅವನ ಊರಿಗೂ ವಾಸೆವಾಳ ಊರಿಗೂ ಹಿಂದೆ ಒಬ್ಬನೇ ದೇವರು. ಅಂಥ ಎರಡು ಊರಿನವರು ಎದುರಾದರೆ ಬೈದಾಡಿಕೊಳ್ಳಲೇಬೇಕು. ಸಿಟ್ಟು ಮಾಡಿಕೊಂಡವರು ಸೋತ ಹಾಗೆ. ಹುಟ್ಟಿದಾಗಿನಿಂದ ಬಂದ ನೆಂಟಸ್ತಿಕೆ ಅದು.

"ಏನೇ ಏಡಿ ತಿನ್ನೋಳೇ, ಬಿರ್ರನೆ ಎತ್ತಾಕೇ. ನಿನ್ ಸೊಂಟ ಈ ಲಾರಿಗಿಂತ ಅಗಲ ಆಗೋಗೈತೆ, ತಿರುಗಕ್ಕೇ ಅರ್ಧ ದಿನ ಬೇಕು."

"ಲೇ ಬಾವಲಿ ತಿನ್ನೋ ಬೇವರ್ಸಿ, ನಿಮ್ಮೂರಲ್ಲಿ ಹಲ್ಲುಜ್ಜಕ್ಕೆ ಯಾರಾದ್ರೂ ಸಾಯ್ಬೇಕು. ನೀನು ನಂಗೆ ಹೇಳ್ತೀಯಾ?"

"ಸತ್ರೆ ನಿಮ್ಮೂರೋರು ಊಟಕ್ಕೆ ಮೊದ್ಲು ಬಂದು ಕುಂತಿರ್ತೀರಾ."

ಅವಳು ಕರಿಯ ಚೀಲಗಳನ್ನೂ ಒಣಗಿದ ಬುಟ್ಟಿಗಳನ್ನೂ ಎತ್ತಿ ಎಸೆದಳು. ಬುಟ್ಟಿಗೊಂದು ಬಣ್ಣದಂತೆ ಐದಾಗಿ ವಿಂಗಡಿಸಿದ್ದೆಲ್ಲ ಲಾರಿಯಲ್ಲಿ ಒಂದೇ ಗುಡ್ಡೆಯಾಯಿತು.

"ಇವತ್ತು ಎಲ್ಲಿಗ್ಲಾ ಸವಾರಿ?"

"ಎಲ್ಲಿಗೆ ಅಂದ್ರೆ? ನಿಮ್ಮತ್ತೆ ಏಡಿಗೊಳ್ಗೆ ಊಟ ಬಡ್ಸಕ್ಕೆ. ಪಾಪ, ಬಾಯ್ ಬಿಟ್ಕಂಡು ಕಾಯ್ತಾ ಅವೆ."

ವಾಸೆವಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಂಟು ತಿಂಗಳಿಂದ ದಿನಾ ಒಂದೊಂದು ಥರ ಹೇಳುತ್ತಿದ್ದ. ನಿಮ್ಮತ್ತೆ ಬುಟ್ಟೀನ ನಿಮ್ಮತ್ತೆ ಹಿತ್ಲಿಗೇ ಮುಟ್ಸಿ ಬತ್ತೀನಿ ಅನ್ನುತ್ತಿದ್ದ. ನಿಮ್ ಕಾಂಡ್ಲಾ ಕಾಡಿಗೆ ಗೊಬ್ಬರ ಹಾಕ್ತಿವ್ನಿ, ಮುಂದಿನ್ ವರ್ಸ ಬಾಟ್ಲಿ ಕಾಯಿ ಬಿಡ್ತದೆ ಅನ್ನುತ್ತಿದ್ದ. ಅವಳು ನಗುತ್ತಿದ್ದಳು. ಇವತ್ತು ಅವನು ಜೊತೆಗೆ ನಗಲಿಲ್ಲವೆಂಬುದು ಅವಳಿಗೆ ಲಾರಿ ಕಬ್ಬಿನ ಗದ್ದೆಯ ತಿರುವು ದಾಟಿದ ಮೇಲೆ ಹೊಳೆಯಿತು. ಹೊಳೆದದ್ದನ್ನು ಮರೆತು ಹಾಸಿಗೆ ಬಟ್ಟೆ ಎಣಿಸಲು ಹೋದಳು.

ಕೆಲಸ ಮುಗಿಸಿ, ನೀರಿಳಿದ ಹೊತ್ತು ನೋಡಿ, ಅತ್ತೆ ಸೊಸೆ ಏಡಿಗೆ ಹೋದರು. ಉಪ್ಪುನೀರಲ್ಲಿ ಬೇರೂರಿ ನಿಂತ ಕಾಂಡ್ಲಾ ಮರಗಳ ನಡುವೆ ಮೊಣಕಾಲುದ್ದ ಕೆಸರು. ಆ ಕೆಸರು ಯಾವತ್ತೂ ಸುಮ್ಮನಿರುವುದಲ್ಲ. ಸಾವಿರ ಬಿಲಗಳೊಳಗಿಂದ ಚಟ್ ಚಟ್ ಎಂದು ಸಣ್ಣಗೆ ಸಿಡಿಯುತ್ತಲೇ ಇರುತ್ತದೆ. ವಾಸೆವಾ ಮದುವೆಯಾಗಿ ಬಂದ ವಾರ, ಇದೇನತ್ತೆ ಸದ್ದು ಎಂದು ಕೇಳಿದ್ದಕ್ಕೆ, ನಿನ್ನ ಮಾವನ ಅಕ್ಕಂದಿರು ಚಾಡಿ ಹೇಳ್ಕತಾವ್ರೆ ಎಂದಿದ್ದಳು ಉನೈಸಿ.

ಎರಡು ತೊರೆ ದಾಟಿದರು. ಬಿಲಗಳಿದ್ದವು, ಏಡಿ ಇರಲಿಲ್ಲ. ಮೂರನೇ ತೊರೆಯ ಬಳಿ ಉನೈಸಿ ನಿಂತುಬಿಟ್ಟಳು.

"ಕೇಳಮ್ಮಿ."

"ಏನೂ ಕೇಳಿಸ್ತಿಲ್ವಲ್ಲತ್ತೆ."

"ಅದ್ನೇ ಕೇಳು ಅಂದದ್ದು."

ಉನೈಸಿ ಒಂದು ಬಿಲಕ್ಕೆ ಭುಜದವರೆಗೆ ಕೈ ಹಾಕಿ ಏಡಿಯೊಂದನ್ನು ಎಳೆದಳು. ಅದು ಕಚ್ಚಲಿಲ್ಲ. ಅಂಗೈ ಮೇಲೆ ಕೊಂಬು ಮಡಿಚಿ ಹಾಗೇ ಕೂತಿತು. ಮೂಗಿನ ಹತ್ತಿರ ತಂದು, ಮೂಸಿ, ಮೆಲ್ಲಗೆ ಕೆಳಗಿಟ್ಟಳು. ಸೀಮೆಎಣ್ಣೆಯ ನಾತ.

ಮರಗಳ ಆಚೆ ಹೊಂಡವಿತ್ತು. ಅರ್ಧ ಸುಟ್ಟು ಗಟ್ಟಿಯಾದ ಕರಿಯ ಪ್ಲಾಸ್ಟಿಕ್ಕು ಬೇರುಗಳಿಗೆ ಮೇಣದಂತೆ ಅಂಟಿತ್ತು. ಆಮೆಯ ಚಿತ್ರವಿದ್ದ ಪುಟ್ಟ ಶಾಂಪೂ ಬಾಟಲಿಗಳು, ಡೈಪರುಗಳು, ಒಡೆದ ಗಾಜು. ಅವುಗಳ ನಡುವೆ ಬುಟ್ಟಿಗಳು. ನೂರಾರು. ಉನೈಸಿ ಒಂದನ್ನು ಎತ್ತಿ ಬೋರಲು ಮಾಡಿ, ತಳದ ಕೆಸರನ್ನು ಹೆಬ್ಬೆರಳಿಂದ ಒರೆಸಿದಳು. ಎಡಕ್ಕೆ ತಿರುಗಿದ ಗಂಟು, ಎರಡು ಸುತ್ತು.

"ಇದು ನಂದು," ಎಂದಳು. ಇನ್ನೊಂದನ್ನು ಎತ್ತಿದಳು. "ಇದೂವೆ."

ವಾಸೆವಾಳಿಗೆ ತನ್ನದೇ ನಗು ಕೇಳಿಸಿತು. ನಿಮ್ಮತ್ತೆ ಬುಟ್ಟೀನ ನಿಮ್ಮತ್ತೆ ಹಿತ್ಲಿಗೇ. ಎಂಟು ತಿಂಗಳು ನಕ್ಕಿದ್ದಳು. ಮೂರನೆಯ ಬುಟ್ಟಿಯನ್ನು ತಾನೇ ಎತ್ತಿ ಬೋರಲು ಮಾಡಿದಳು.

ಬೆಳಗಾದ ಮೇಲೆ ಊರ ಯಜಮಾನನಿಗೆ ಹೇಳುವುದೆಂದುಕೊಂಡರು. ಅಷ್ಟರಲ್ಲಿ ದೋಣಿ ಹುಟ್ಟು ಹಾಕುತ್ತಾ ತೊರೆಯೊಳಗೆ ಹೋದ ಗೆಸ್ಟೊಬ್ಬ ಹೊಂಡದ ಫೋಟೋ ತೆಗೆದು ಬ್ರಿಜೆಟ್‌ಗೆ ತೋರಿಸಿ ಕೂಗಾಡಿಯಾಗಿತ್ತು. ಬೆಳಿಗ್ಗೆ ಎಂಟಕ್ಕೇ ಯಜಮಾನನ ಮನೆಗೆ ಕರೆ ಬಂತು.

ರೆಸಾರ್ಟಿಗೆ ನೆಲ ಕೊಟ್ಟವನು ಯಜಮಾನ. ಅವನು ಚಾಪೆಯ ಮೇಲೆ ಕೂತಿದ್ದ. ಬ್ರಿಜೆಟ್ ಅವನೆದುರು ಕುರ್ಚಿಯಲ್ಲಿ. ಯಜಮಾನನಿಗಿಂತ ಎತ್ತರದಲ್ಲಿ ಯಾರಾದರೂ ಕೂತದ್ದನ್ನು ಆ ಮನೆ ನೋಡಿರಲಿಲ್ಲ. ಹೆಂಗಸರು ಬಾಗಿಲ ಬಳಿ. ನಡುವೆ ಮರದ ಬೋಗುಣಿಯ ಮುಂದೆ ಅಪಿಸಾಯ್ ತಲೆ ತಗ್ಗಿಸಿ, ಸಭೆಯಲ್ಲಿ ಹಂಚಿ ಕುಡಿಯುವ ಯಾಂಗೋನಾ ಬೇರಿನ ನೀರು ಕಲಕುತ್ತಿದ್ದ.

ಬ್ರಿಜೆಟ್ ಚೀಲದಿಂದ ಕೆಸರಾದ ಬುಟ್ಟಿಯನ್ನು ತೆಗೆದು ಚಾಪೆಯ ಮೇಲಿಟ್ಟಳು.

"ನಾನು ಯಾರ ಮೇಲೂ ತಪ್ಪು ಹೊರಿಸೋಕೆ ಬಂದಿಲ್ಲ. ನೀವೆಲ್ಲ ನನ್ನ ಅಕ್ಕತಂಗಿಯರ ಥರ. ಇದು ಯಾರ ಕೈಕೆಲಸ ಅಂತ ಮಾತ್ರ ಹೇಳಿ."

ಉನೈಸಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲವೆಂದಲ್ಲ. ಆ ಗಂಟನ್ನು ನನ್ನದಲ್ಲ ಎನ್ನಲು ಬರಲಿಲ್ಲ.

"ನಂದೇ," ಎಂದಳು.

"ನೋಡಿದ್ರಾ? ಹಳ್ಳಿಯವರೇ ಹಳ್ಳಿಯ ನೀರನ್ನ ಕೆಡಿಸ್ತಾ ಇದ್ದಾರೆ. ನಾನು ಎಷ್ಟು ಪಾಠ ಮಾಡಿದೆ!"

"ಅವು ರೆಸಾರ್ಟಿನ್ ಬುಟ್ಟಿಗೊಳು, ದೊಡ್ಡಯ್ಯಾ," ವಾಸೆವಾ ಯಜಮಾನನಿಗೆ ಹೇಳಿದಳು. ಅವಳ ದನಿ ಅವಳಿಗೇ ಜೋರೆನಿಸಿತು. "ನಾನೇ ಕೈಯಾರ ಲಾರಿಗೆ ಎತ್ತಾಕಿವ್ನಿ."

ಬ್ರಿಜೆಟ್ ನಿಧಾನಕ್ಕೆ ತಿರುಗಿದಳು. "ನೀನೇ ಹಾಕಿದ್ದಾ? ಹಾಗಾದ್ರೆ ಲಾರಿ ಎಲ್ಲಿಗೆ ಹೋಗುತ್ತೆ ಅಂತ ನಿನಗೆ ಗೊತ್ತಿತ್ತಾ ವಾಸೆವಾ? ಯಾರಾದ್ರೂ ಹೇಳಿದ್ರಾ?"

ಗೊತ್ತಿತ್ತು ಎಂದರೆ ಎಂಟು ತಿಂಗಳು ಬಾಯಿ ಮುಚ್ಚಿಕೊಂಡಿದ್ದವಳಾಗುತ್ತಾಳೆ. ಗೊತ್ತಿರಲಿಲ್ಲ ಎಂದರೆ, ದಿನಾ ಹೇಳಿದವನು ಎದುರಿಗೇ ಕೂತಿದ್ದಾನೆ. ಅಪಿಸಾಯ್ ಬೋಗುಣಿಯಿಂದ ಕಣ್ಣೆತ್ತಲಿಲ್ಲ. ಅವನ ಕೈ ಮಾತ್ರ ಕಲಕುವುದನ್ನು ನಿಲ್ಲಿಸಿತ್ತು.

ಅವಳು ಬಾಯಿ ಬಿಡುವಷ್ಟರಲ್ಲಿ ಯಜಮಾನ ಹೇಳಿದ: "ಬಾಗ್ಲತಾವ ಕುಂತೋರ ಬಾಯಿ ಬಾಗ್ಲತಾವ್ಲೇ ಇರ್ಲಿ."

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಹೆಂಗಸರು ಶುಕ್ರವಾರದೊಳಗೆ ಹೊಂಡದ ಕಸವನ್ನೆಲ್ಲ ಬಳಿದು ತೆಗೆಯಬೇಕು. ಮೂರೂ ತೊರೆ ಇನ್ನು ಸಂರಕ್ಷಿತ ಜಾಗ. ಏಡಿಗೆಂದು ಯಾರೂ ಕಾಲಿಡುವಂತಿಲ್ಲ. ಎಷ್ಟು ದಿನ ಎಂದು ಉನೈಸಿ ಕೇಳಿದಳು. ದಿನ ಅಲ್ಲ ಅಜ್ಜಿ, ಯಾವಾಗಲೂ, ನಿಮ್ಮ ಮೊಮ್ಮಕ್ಕಳಿಗೋಸ್ಕರ ಎಂದಳು ಬ್ರಿಜೆಟ್. ಕೊನೆಗೆ ಯಜಮಾನ ಒಳಗಿಂದ ತಿಮಿಂಗಿಲದ ಹಲ್ಲು ತರಿಸಿದ. ಕೊಲೆ ಮಾಡಿದವರೂ ಅದನ್ನು ಹಿಡಿದು ಕ್ಷಮೆ ಕೇಳಿದರೆ ಎದುರಿನವರು ಇಲ್ಲವೆನ್ನುವಂತಿಲ್ಲ, ಅಂಥ ಹಲ್ಲು. ಅರವತ್ತೆಂಟು ವರ್ಷದ ಉನೈಸಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿಲಿಂದ ಕುರ್ಚಿಯವರೆಗೆ ಮಂಡಿಯ ಮೇಲೆ ಹೋದಳು.

"ಅಯ್ಯೋ, ಎಷ್ಟು ಮುದ್ದಾಗಿದೆ!" ಎಂದ ಬ್ರಿಜೆಟ್ ಒಂದೇ ಕೈಯಲ್ಲಿ ತೆಗೆದುಕೊಂಡು, ಆಮೆಯ ಚಿತ್ರವಿದ್ದ ಬಟ್ಟೆ ಚೀಲಕ್ಕೆ ಹಾಕಿಕೊಂಡಳು. ಒಳಗೆ ಅದು ನೀರಿನ ಬಾಟಲಿಗೆ ಟಣ್ ಎಂದು ತಾಗಿತು.

ಹೊರಗೆ ಹಲಸಿನ ಮರದಡಿ ವಾಸೆವಾ ಅಪಿಸಾಯ್‌ನನ್ನು ತಡೆದಳು.

"ಸೂಳೆಮಗನೇ. ನಮ್ಮತ್ತೆ ಮಂಡಿ ಮ್ಯಾಲೆ ಹೋದ್ಲು ಕಣೋ."

"ನಾನೇನ್ ಸುಳ್ಳು ಹೇಳಿದ್ನಾ?" ಎಂದ ಅವನು. "ಪಟ್ಟಣದ್ ಕಸದ್ ಗುಂಡಿ ದೂರ, ಇಲ್ಲೇ ಸುರಿ, ಬಾಯ್ಬಿಟ್ರೆ ಕೆಲ್ಸ ಇಲ್ಲ ಅಂತ ರೆಸಾರ್ಟಿನೋರೇ ಅಂದ್ರು. ಬೇರೆ ಥರ ಹೇಳಕ್ಕೆ ಧೈರ್ಯ ಬರ್ನಿಲ್ಲ. ಹಿಂಗಾದ್ರೂ ದಿನಾ ಹೇಳ್ದೆ ಕಣೇ ನಿಂಗೆ. ಒಂದಿನಾನಾರೂ ನೀನು ನಗ್ದೆ ಇದ್ದಿದ್ರೆ..."

ಅವನು ತಿರುಗಿಸಿ ಬೈಯಲಿಲ್ಲ.

ಎರಡು ದಿನ, ನೀರಿಳಿದ ಹೊತ್ತಿನಲ್ಲೆಲ್ಲ, ಹನ್ನೊಂದು ಹೆಂಗಸರು ಹೊಂಡ ಬಳಿದರು. ಬ್ರಿಜೆಟ್ ರಬ್ಬರ್ ಬೂಟು ತೊಟ್ಟು ಬಂದು ಫೋಟೋ ತೆಗೆದಳು. ಬಳಿದದ್ದನ್ನು ಬಿದಿರಿನ ತೆಪ್ಪವೊಂದರ ಮೇಲೆ ಆಳೆತ್ತರಕ್ಕೆ ಒಟ್ಟಿ ಬಲೆ ಬಿಗಿದರು. ಅದನ್ನು ಸಾಗಿಸುವುದು ಶನಿವಾರ, ತಪಾಸಣೆಯವರು ಹೋದ ಮೇಲೆ. ಅಲ್ಲಿಯವರೆಗೆ ಮೂರನೇ ತೊರೆಯಲ್ಲೇ ಮರಗಳ ಹಿಂದೆ ಇರಲಿ, ಕಾಣಲ್ಲ ಎಂದಳು ಬ್ರಿಜೆಟ್. ಆಮೇಲೆ ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಬಡಗಣ ದಂಡೆಯಲ್ಲಿ ಇನ್ನೊಂದು ತೊರೆಯಿತ್ತು, ಇನ್ನೊಂದು ಹಳ್ಳಿಯಿತ್ತು. ಉನೈಸಿ ತೆಪ್ಪವನ್ನು ಕಾಂಡ್ಲಾ ಬೇರಿಗೆ ಕಟ್ಟಿದಳು. ಎಡಕ್ಕೆ ತಿರುಗಿದ ಗಂಟು, ಎರಡು ಸುತ್ತು. ಹಲ್ಲು ಹಿಡಿದ ದಿನದಿಂದ ಅವಳು ಮನೆಯಲ್ಲಿ ಗರಿ ಮುಟ್ಟಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ವಾಸೆವಾ ಒಂಬತ್ತನೇ ಕುಟೀರ ಸಜ್ಜು ಮಾಡುತ್ತಿದ್ದಳು. ತಪಾಸಣೆಯವರಿಗೆ ಅದೇ ಕುಟೀರ. ದಿಂಬಿನ ಮೇಲೆ ದಾಸವಾಳ, ಮೇಜಿನ ಮೇಲೆ ಸಣ್ಣ ಚೀಟಿ: ಟವೆಲನ್ನು ಮತ್ತೆ ಬಳಸಿ, ಕಡಲನ್ನು ಉಳಿಸಿ.

ಬ್ರಿಜೆಟ್ ಬಾಗಿಲಲ್ಲಿ ಇಣುಕಿದಳು. "ತಪಾಸಣೆಯವರ ಊಟ ಒಂದು ಗಂಟೆಗೆ, ನೀರಿನ ಮೇಲಿನ ಅಟ್ಟದಲ್ಲಿ. ವರ್ಷದಲ್ಲೇ ದೊಡ್ಡ ಭರತ ಇವತ್ತು, ಗೊತ್ತಾ? ನೀರು ಮೆಟ್ಟಿಲವರೆಗೆ ಬರುತ್ತೆ. ಎಷ್ಟು ಚೆನ್ನಾಗಿ ಕಾಣುತ್ತೆ!"

"ಹೌದು ಮೇಡಂ. ತುಂಬಾ ಚೆನ್ನಾಗಿ ಕಾಣ್ತದೆ."

ನೀರು ಎಷ್ಟು ಹೊತ್ತಿಗೆ ತುಂಬುತ್ತದೆಂದು ಬ್ರಿಜೆಟ್ ಓದಿ ತಿಳಿದಿದ್ದಳು. ತುಂಬಿದ ನೀರು ತಿರುಗುವಾಗ ಯಾವ ದಾರಿ ಹಿಡಿಯುತ್ತದೆಂದು ಯಾರನ್ನೂ ಕೇಳಿರಲಿಲ್ಲ. ಉಳಿದ ದಿನ ಮೂರನೇ ತೊರೆಯ ಬಾಯಲ್ಲಿ ಮೊಣಕಾಲು ನೀರು, ತೆಪ್ಪ ಅಲ್ಲಾಡುವುದಿಲ್ಲ. ಇಂಥ ದಿನ ಮಾತ್ರ ತೊರೆ ತುಂಬಿ, ಇಳಿಯುವ ಸೆಳವು ನೇರ ಅಟ್ಟದ ಕಂಬಗಳ ನಡುವೆ ಹಾದು ಕಡಲಿಗಿಳಿಯುತ್ತದೆ. ತೆಪ್ಪವನ್ನು ಬಿಚ್ಚಿ ಹಾಗೇ ಬಿಟ್ಟರೆ ಸೆಳವು ಎಲ್ಲವನ್ನೂ ಹವಳದ ದಿಬ್ಬಕ್ಕೆ ಒಯ್ದು ಚೆಲ್ಲುತ್ತದೆ. ಯಾರಾದರೂ ಮೇಲೆ ನಿಂತು ಗಳ ಊರಬೇಕು. ಅಟ್ಟದ ಮೆಟ್ಟಿಲಿಗೆ ತಂದು ಕಟ್ಟಬೇಕು. ಒಬ್ಬಳೇ ಸಾಕು.

ಅಷ್ಟು ಯೋಚನೆ ಮುಗಿಯುವಾಗ ವಾಸೆವಾಳ ಕೈ ಟವೆಲನ್ನು ಮಡಿಚಿ ಆಮೆ ಮಾಡಿ ಮುಗಿಸಿತ್ತು. ಆ ಕೆಲಸವೂ ನಿತ್ಯದ್ದೇ ಅನ್ನಿಸಿತು: ಯಾರದ್ದೋ ಕೋಣೆಯ ಕಸವನ್ನು ಅವರವರ ಬಾಗಿಲಿಗೆ ಮುಟ್ಟಿಸುವುದು. ಸಂಜೆಗೆ ಈ ಕೆಲಸ ಇರುವುದಿಲ್ಲ. ಯಜಮಾನ ಊರೊಳಗೆ ಇರಗೊಡುತ್ತಾನೋ ಇಲ್ಲವೋ.

ಹಿತ್ತಲ ಕಡೆ ಉನೈಸಿ ಹೂಮಾಲೆಗಳನ್ನು ತಂದು ನಿಂತಿದ್ದಳು. ಸೊಸೆಯ ಮುಖ ನೋಡಿದಳು.

"ಎಲ್ಲಿಗಮ್ಮಿ?"

"ಎಲ್ಲಿಗೂ ಇಲ್ಲತ್ತೆ. ಬಿಸ್ಲಿಗೆ ಹಾಕಿದ್ ಬಟ್ಟೆ ಎತ್ಕಬರಕ್ಕೆ."

"ನಂದೊಂದ್ ಗಂಟು ಬಾಳ ಬಿಗಿ ಕಣೇ," ಉನೈಸಿ ಮಾಲೆಯ ಹೂವನ್ನು ಸರಿಮಾಡುತ್ತಾ ಅಂದಳು. "ಎಡಕ್ಕೆಳುದ್ರೆ ಮಾತ್ರ ಬಿಚ್ಕತದೆ."

ವಾಸೆವಾ ಮತ್ತೆ ಒಳಗೆ ಬಂದಳು. ಹಲಗೆಗಳ ಕೆಳಗೆ ನೀರು ಏರುವ ಸದ್ದು ಆಗಲೇ ಶುರುವಾಗಿತ್ತು. ಹಾಸಿಗೆಯ ಮೇಲಿನ ಆಮೆ ಬಾಗಿಲ ಕಡೆ ಮುಖ ಮಾಡಿತ್ತು. ಅವಳು ಅದರ ತಲೆ ಹಿಡಿದು ಮೆಲ್ಲಗೆ ನೀರಿನ ಕಡೆಗೆ ತಿರುಗಿಸಿ, ಬಾಗಿಲು ಎಳೆದುಕೊಂಡು ಹೊರಟಳು.