ಹನ್ನೆರಡನೆಯ ಆಡು

“ಇದು ಯಾವ ಆಡಿನ ತೊಗಲು?” ಎಂದು ಹುಸೇನಪ್ಪ ಮೂರನೆಯ ಸಲ ಕೇಳಿದಾಗ ಗೋದಾಮಿನ ಬಾಬು ಚಹಾದ ಗ್ಲಾಸನ್ನು ಕೆಳಗಿಟ್ಟ.

“ಯಾವ ಆಡು ಅಂದ್ರ? ನಾಕ ಕಾಲಿಂದು.”

“ಚಾಷ್ಟಿ ಬ್ಯಾಡೋ. ಬಣ್ಣ ಯಾವುದು, ಯಾವ ಸಂತೀದು, ಅಷ್ಟ ಹೇಳು.”

ಬಾಬು ಸೊಲ್ಲಾಪುರದವನು. ಮರಾಠಿಯಲ್ಲಿ ವ್ಯಾಪಾರ, ಕನ್ನಡದಲ್ಲಿ ನಗೆಚಾಟಿಕೆ. ಹುಸೇನಪ್ಪನ ಕೈಲಿದ್ದ, ಮೃದಂಗದ ಬಾಯಿಗೆ ಬಿಗಿಯುವ ಮುಚ್ಚಿಗೆಯನ್ನು ತಿರುವಿ ನೋಡಿದ. ಕೂದಲು ಹೋಗಿ, ತೊಗಲು ಹದವಾಗಿ, ನಡುವೆ ಮೆತ್ತಿದ ಕಪ್ಪು ಕರಣೆ ಒಣಗಿ ಕೂತಿತ್ತು. “ನಲವತ್ತ ವರ್ಷ ಆತು ನನ್ನಪ್ಪನ ಕಾಲದಿಂದ ಇಲ್ಲೇ ತೊಗಲು ಒಯ್ತಿ. ಇವತ್ತ ಹೆಣ್ಣ ಕೇಳಾಕ ಬಂದಂಗ ಕುಲಾ ಗೋತ್ರಾ ಕೇಳಾಕತ್ತೀಯಲ್ಲ!”

“ಈರಬಸಪ್ಪ ಅಪ್ಪಾರು ಹೋದ್ರು. ಮುಂಜಾನಿ. ಎರಡಕ್ಕ ಮಣ್ಣು.”

ಬಾಬುವಿನ ನಗು ನಿಂತಿತು. ಭಜನೆಯ ಈರಬಸಪ್ಪ ಅವನಿಗೂ ಗೊತ್ತು. ಆದರೆ ಸತ್ತವನಿಗೂ ಆಡಿಗೂ ಏನು ಸಂಬಂಧ ಎಂದು ತಿಳಿಯಲಿಲ್ಲ. ಹಿಂದೆ ಉಪ್ಪು ಹಾಕಿ ಒಟ್ಟಿದ ತೊಗಲಿನ ರಾಶಿಯತ್ತ ಕೈ ತೋರಿದ. “ಲಾರಿ ಬರ್ತದ. ಐನೂರು ಇಳೀತಾವ. ಒಂದರ ಮ್ಯಾಲೂ ಹೆಸರಿರಲ್ಲ, ಹುಸೇನಪ್ಪ.”

ಹನ್ನೊಂದೂವರೆ ಆಗಿತ್ತು. ಹುಸೇನಪ್ಪ ಹೊಸ ಮುಚ್ಚಿಗೆಯನ್ನೂ ಎಡಗಡೆಯ ಹಳೆಯದನ್ನೂ ಬಾರುಗಳನ್ನೂ ಚೀಲಕ್ಕೆ ಹಾಕಿ, ಬಿಬವೇವಾಡಿಯ ಸಾವಿನ ಮನೆಗೆಂದು ರಿಕ್ಷಾ ಹತ್ತಿ, ಈರಬಸಪ್ಪನವರು ತೊಗಲು ಬದಲಿಸಲು ಬಿಟ್ಟುಹೋಗಿದ್ದ ಮೃದಂಗದ ಟೊಳ್ಳು ಮರದ ಹೊಳವನ್ನು ತೊಡೆಯ ಮೇಲಿಟ್ಟುಕೊಂಡ. ಅದರ ಎರಡೂ ಬಾಯಿ ತೆರೆದಿದ್ದವು. ರಿಕ್ಷಾ ಓಡಿದಂತೆ ಗಾಳಿ ಅದರೊಳಗೆ ಹೊಕ್ಕು ಸಣ್ಣಗೆ ಗುಂಯ್‌ಗುಡತೊಡಗಿತು. ಒಳಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ಹನ್ನೊಂದು ಸಾಲುಗಳಿದ್ದವು. ಹುಸೇನಪ್ಪನಿಗೆ ಸಹಿಯಷ್ಟೇ ಬರುವುದು, ಓದು ಬಾರದು. ಆದರೆ ಅಲ್ಲಿ ಏನಿದೆ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಬೆಳಗ್ಗೆ ಸುದ್ದಿ ಬಂದಾಗ ಮುಚ್ಚಿಗೆ ಬಿಗಿಯಲು ಕೈ ಏಳಲಿಲ್ಲ.

*

ಹದಿನೆಂಟು ವರ್ಷದ ಹಿಂದೆ ಈರಬಸಪ್ಪ ಮೊದಲ ಸಲ ಗಂಜ ಪೇಠೆಯಲ್ಲಿನ ಹುಸೇನಪ್ಪನ ಮೃದಂಗದ ಅಂಗಡಿಗೆ ಬಂದಾಗ ಅವರ ಮೃದಂಗದ ತೊಗಲು ಹರಿದಿತ್ತು. ಸ್ವಾರಗೇಟದ ಹತ್ತಿರ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಪಾರ್ಸಲ್ ಗುಮಾಸ್ತರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕಾಲಲ್ಲಿ ಪ್ಲಾಸ್ಟಿಕ್ ಚಪ್ಪಲಿ.

“ಇದು ಯಾವ ಆಡಿಂದಪ್ಪ?” ಎಂದು ಹೊಸ ತೊಗಲಿನ ಮೇಲೆ ಕೈಯಿಟ್ಟು ಕೇಳಿದರು.

ಹುಚ್ಚೇನೋ ಎಂದು ಹುಸೇನಪ್ಪ ಅವರ ಮುಖ ನೋಡಿದ. ಹುಚ್ಚಿನ ಲಕ್ಷಣವಿರಲಿಲ್ಲ.

“ಯಾಕ್ರಿ ಅಪ್ಪಾರ? ತಿನ್ನೋರಲ್ಲ ನೀವು.”

“ತಿನ್ನಲ್ಲ. ನೀ ತಿಂತಿ?”

“ಐತವಾರಕ್ಕೊಮ್ಮೆ.”

“ನೀ ಒಂದ ಊಟದಾಗ ಮುಗಸ್ತಿ. ನಾ ವರ್ಷಾನಗಟ್ಲೆ ಸೋಮವಾರಕ್ಕೊಮ್ಮೆ ಬಡೀತೀನಿ. ಅದೂ ದೇವರ ಮುಂದ.” ಅವರು ಹಗುರಾಗಿ ನಕ್ಕರು. “ಪ್ಲಾಸ್ಟಿಕಿಂದೂ ಹಚ್ಚಿ ನೋಡಿದೆ. ಬಕೀಟ ಬಡದಂಗ ಆತು. ಮಂದಿ ಹಾಡೋದ ಬಿಟ್ಟು ನಕ್ಕರು. ಕಳಿಸಿದವರ ಹೆಸರಿಲ್ಲದ ಪಾರ್ಸಲ್ ನಾ ಒಳಗ ತಗೋಳಲ್ಲ, ಹುಸೇನಪ್ಪ. ಇದನ್ನ ಹ್ಯಾಂಗ ತಗೋಳಲಿ?”

ಹೊತ್ತಾಗಿತ್ತು, ಗಿರಾಕಿ ಏಳುವಂತಿರಲಿಲ್ಲ. “ಕರೀ ಹೋತ್ರಿ,” ಎಂದುಬಿಟ್ಟ ಹುಸೇನಪ್ಪ. “ಬಲಗಿವಿ ಬಿಳೇದು. ದೌಂಡ ಸಂತೀದು.”

ಈರಬಸಪ್ಪ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಹೊಳವಿನೊಳಗೆ ಕೈ ತೂರಿಸಿ, ನಿಧಾನವಾಗಿ ಬರೆದುಕೊಂಡರು. ಆಮೇಲೆ ತೊಗಲು ಬದಲಿಸಿದಾಗಲೆಲ್ಲ ಅದೇ ಪ್ರಶ್ನೆ, ಹುಸೇನಪ್ಪನ ಬಾಯಿಗೆ ಬಂದ ಹೊಸದೊಂದು ಆಡು, ಹೊಸದೊಂದು ಸಾಲು. ಒಂದು ಸಲ ಮಾತ್ರ ಅವರು ಬರೆಯುವ ಮೊದಲು ತಲೆಯೆತ್ತಿ ಅವನನ್ನು ನೋಡಿ ಮೀಸೆಯಲ್ಲೇ ನಕ್ಕಿದ್ದರು. ಯಾಕೆಂದು ಅವನು ಕೇಳಲಿಲ್ಲ.

*

ಸೊಸೈಟಿಯ ಪಾರ್ಕಿಂಗಿನಲ್ಲಿ ಪೆಂಡಾಲು ಹಾಕಿದ್ದರು. ಈರಬಸಪ್ಪನವರನ್ನು ಕೂಡಿಸಿದ್ದರು. ಮೈತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂ, ಎಡಗೈಯಲ್ಲಿ ಇಷ್ಟಲಿಂಗ. ಪಕ್ಕದಲ್ಲಿ ಜಂಗಮರಾದ ಚನ್ನವೀರಯ್ಯನವರು ತಮ್ಮ ಅಜ್ಜನ ಕಾಲದ ಜಿಂಕೆ ತೊಗಲಿನ ಮೇಲೆ ಕುಳಿತು ಕ್ರಿಯೆಯ ಸಾಮಾನು ಹೊಂದಿಸುತ್ತಿದ್ದರು. ಭಜನೆಯವರು ಬರೀ ತಾಳ ಕುಟ್ಟುತ್ತಿದ್ದರು. ಹಾಡು ಮೇಲೇಳುತ್ತಿರಲಿಲ್ಲ.

ಪೆಂಡಾಲಿನ ಅಂಚಿನಲ್ಲಿ ನಿಂತ ಹುಸೇನಪ್ಪನನ್ನು ಮೊದಲು ಕಂಡವಳು ಈರಬಸಪ್ಪನವರ ಹೆಂಡತಿ ಶಿವಬಸವ್ವ.

“ಬಂದ ನೋಡ್ರಿ! ಬಾ ಇಲ್ಲಿ. ಒಳಗ ಬಾ. ಅಲ್ಲ, ಬಿಚ್ಚಿಕೊಂಡ ಬಂದೀಯಲ್ಲೋ?”

“ಇಲ್ಲೇ ಬಿಗೀತೀನ್ರಿ ಅವ್ವಾರ. ಅರ್ಧಾ ತಾಸು.”

ಹಾರ್ಮೋನಿಯಮ್ಮಿನ ಮಾಂತು ಗಡಿಯಾರ ನೋಡಿಕೊಂಡ. “ಇವತ್ತರ ಬಿಗದ ತರಬೇಕಿತ್ತಪ್ಪ.”

“ಇರ್ಲಿ ಬಿಡೋ ಮಾಂತು,” ಎಂದಳು ಶಿವಬಸವ್ವ. ಅತ್ತು ಅತ್ತು ದನಿ ಒಡೆದಿತ್ತು, ಮೊನಚು ಹೋಗಿರಲಿಲ್ಲ. “ಹುಸೇನಪ್ಪ, ನಿನಗರ ಗೊತ್ತದನು? ಭಜನಿ ಚಾಲೂ ಮಾಡೂಕಿಂತ ಮೊದಲ ಇಂವ ಮೃದಂಗಕ್ಕ ಬಾಯಿ ಹಚ್ಚಿ ಏನೋ ಹೇಳ್ತಿದ್ದ. ನಲವತ್ತೆರಡ ವರ್ಷ ಸಂಸಾರ ಮಾಡೀನಿ, ನನ್ನ ಕಿವ್ಯಾಗ ಒಮ್ಮಿನೂ ಅಷ್ಟ ಸಣ್ಣಗ ಮಾತಾಡಲಿಲ್ಲ.”

“ಗುರುಮಂತ್ರ ಇರಬೇಕ್ರಿ ಅಕ್ಕಾರ,” ಎಂದ ಮಾಂತು.

“ಶ್ರುತಿ ಕೂಡಸ್ತಾನ ಅಂತ ತಿಳಕೊಂಡಿದ್ದೆ ನಾ,” ಎಂದಳು ಮಗಳು ಶೈಲಾ.

“ಕೇಳಿದ್ರ ‘ಪಾರ್ಸಲ್ ಮಾತು’ ಅಂತಿದ್ದ. ಅದನ್ನ ತಿಳೀದ ಹ್ಯಾಂಗ ಎತ್ತಿ ಕಳಿಸ್ಲಿ? ಆಮ್ಯಾಲ ಯಾರನ್ನ ಕೇಳ್ಲಿ?”

ಹುಸೇನಪ್ಪ ಬಾರು ಕೈಗೆತ್ತಿಕೊಂಡ. ಈಗ ಬಿಗಿದುಬಿಟ್ಟರೆ ಆ ಸಾಲುಗಳು ಕತ್ತಲೆಯಲ್ಲೇ ಉಳಿಯುತ್ತವೆ, ಅವನ ಸುಳ್ಳೂ ಉಳಿಯುತ್ತದೆ. ಬಾರನ್ನು ಮತ್ತೆ ಕೆಳಗಿಟ್ಟ. ಆಮೇಲೆ ಹೊಳವನ್ನು ಎತ್ತಿ ಅವಳ ಕೈಗೆ ಕೊಟ್ಟ.

“ಆ ಪಾರ್ಸಲ್ ಮಾತು ಒಳಗ ಬರದಾರ್ರಿ. ನೀವ ಓದ್ರಿ.”

ಶಿವಬಸವ್ವ ಅದನ್ನು ಕಣ್ಣಿಗೆ ಹಿಡಿದಳು. ಆಚೆ ಬಾಯಿಯ ಬೆಳಕಿನ ವೃತ್ತದಲ್ಲಿ, ಹೂವಿನ ನಡುವೆ, ಗಂಡ ಕುಳಿತಿದ್ದ. ಅವಳು ಸ್ವಲ್ಪ ಹೊತ್ತು ಹಾಗೇ ನೋಡಿದಳು. ಆಮೇಲೆ ಹೊಳವನ್ನು ವಾರೆ ಮಾಡಿ, ಹಾಡುಗಳನ್ನು ಬಾಯಿಪಾಠ ಒಪ್ಪಿಸಿ ಬೆಳೆದವಳ ಏರಿಳಿತದಲ್ಲಿ ಓದತೊಡಗಿದಳು.

“ಒಂದು. ಕರೀ ಹೋತ. ಬಲಗಿವಿ ಬಿಳೇದು. ದೌಂಡ ಸಂತಿ. ಹೇಳಿದವ ಹುಸೇನಪ್ಪ.

ಎರಡು. ಕೆಂಪು ಆಡು. ಕೊಂಬು ಮುರದದ್ದು. ಭಾಳ ತುಂಟ. ಹೇಳಿದವ ಹುಸೇನಪ್ಪ.”

ತಾಳ ನಿಂತವು. ಕುರ್ಚಿಯಲ್ಲಿದ್ದವರು ಎದ್ದು ಹತ್ತಿರ ಬಂದರು. ನಾಲ್ಕನೆಯದು ಬೂದಿ ಬಣ್ಣ, ಹಣೆಯ ಮೇಲೆ ಚುಕ್ಕಿ. ಏಳನೆಯದು ಕುಂಟು. ಪ್ರತಿ ಸಾಲಿನ ಕೊನೆಗೂ ಬರುತ್ತಿದ್ದ ತನ್ನ ಹೆಸರು ಹುಸೇನಪ್ಪನ ಬೆನ್ನ ಮೇಲೆ ಒಂದೊಂದೇ ಏಟಿನಂತೆ ಬೀಳುತ್ತಿತ್ತು. ತನ್ನ ಹೆಸರನ್ನೂ ಬರೆದದ್ದು ಅವನಿಗೆ ಗೊತ್ತಿರಲಿಲ್ಲ.

“ಒಂಬತ್ತು. ಬೂದಿ ಬಣ್ಣ. ಹಣೀ ಮ್ಯಾಲ ಚುಕ್ಕಿ.” ಶಿವಬಸವ್ವ ತಡೆದು, ಮುಂದೆ ಬರೆದದ್ದನ್ನೂ ಓದಿದಳು. “ನಾಲ್ಕನೇದರ ತಮ್ಮ ಇರಬೇಕು. ಹೇಳಿದವ ಹುಸೇನಪ್ಪ.”

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಅವಳು ನಕ್ಕಿದ್ದು ಕಂಡು ಶೈಲಾಳೂ ಸೆರಗು ಬಾಯಿಗಿಟ್ಟು ನಕ್ಕಳು. ಚನ್ನವೀರಯ್ಯನವರು ಯಾರೂ ನೋಡದಂತೆ ತಾವು ಕೂತ ಜಿಂಕೆ ತೊಗಲಿನ ಒಂದು ಅಂಚು ಎತ್ತಿ ಅಡಿಗೆ ನೋಡಿದರು. ಅಲ್ಲೇನೂ ಬರೆದಿರಲಿಲ್ಲ.

“ಅವ್ವಾರ,” ಎಂದ ಹುಸೇನಪ್ಪ.  “ಅವು ಎಲ್ಲಾ ಸುಳ್ಳ ಅದಾವ್ರಿ. ಒಂದ ಆಡನೂ ನಾ ನೋಡಿಲ್ಲ. ಬಾಯಿಗಿ ಬಂದದ್ದ ಹೇಳಿದೆ.”

ಮಾಂತು ಎದ್ದುನಿಂತ. “ದೇವರ ಮುಂದ ಬಾರಸೂ ಮೃದಂಗಕ್ಕ...”

ಶಿವಬಸವ್ವ ಕೈಯೆತ್ತಿ ಅವನನ್ನು ಕೂಡಿಸಿದಳು. “ಪಾರ್ಸಲ್ ಆಫೀಸಿನ್ಯಾಗ ಮೂವತ್ತ ವರ್ಷ ಕುಂತಾಂವ ಇಂವ. ಡಬ್ಬಿ ಎತ್ತಿದ್ರ ಸಾಕು, ಒಳಗ ಬೂಂದಿ ಅದನೋ ಬೋಲ್ಟ ಅದನೋ ಹೇಳ್ತಿದ್ದ. ನಿನ್ನ ಸುಳ್ಳು ತಿಳೀಲಿಲ್ಲ ಅಂತೀ ಅವಗ?”

“ಮತ್ತ ಯಾಕ ಬರಕೊಂಡರ್ರಿ?”

“ಅದನ್ನ ನೀನ ಕೇಳಬೇಕಿತ್ತು.” ಅವಳು ಹನ್ನೊಂದನೆಯ ಸಾಲಿನ ಕೆಳಗಿನ ಬರಿಯ ಮರದ ಮೇಲೆ ಬೆರಳಾಡಿಸಿದಳು. “ಈಗ ಈ ಹೊಸಾದಕ್ಕ ಏನ ಬರೀಲಿ?”

“ಗೊತ್ತಿಲ್ರಿ. ಗೋದಾಮಿಗಿ ಹೋಗಿ ಕೇಳಿದೆ, ಅವರಿಗೂ ಗೊತ್ತಿಲ್ಲ. ಅದಕ್ಕ ತಡಾ ಆತು.”

“ಕೇಳಬ್ಯಾಡ. ನೋಡು.”

ಹುಸೇನಪ್ಪ ಹೊಸ ಮುಚ್ಚಿಗೆಯನ್ನು ಚೀಲದಿಂದ ತೆಗೆದು ಬಿಸಿಲಿಗೆ ಹಿಡಿದ. ಅವನ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಕಣ್ಣನ್ನು ನಂಬದೆ ಹೆಬ್ಬೆರಳಿನಿಂದ ನೋಡಿದ. ಕರಣೆಯ ಸುತ್ತ, ಅಂಚಿನ ಗುಂಟ. ಒಂದು ಕಡೆ ಹೆಬ್ಬೆರಳು ನಿಂತಿತು. ಇಂಥದ್ದು ಕಂಡರೆ ಅಷ್ಟು ಭಾಗ ಕತ್ತರಿಸಿ ಒಗೆಯುವುದು ಅವನ ಕಸುಬು. ಈ ಸಲ ತಪ್ಪಿಹೋಗಿತ್ತು.

“ಇಲ್ಲೊಂದು ಕಲಿ ಅದರಿ. ಗಾಯ ಆಗಿ ಮಾಯ್ದದ್ದು. ತಂತಿನೋ ಮುಳ್ಳೋ.” ಇನ್ನೊಮ್ಮೆ ಮುಟ್ಟಿದ. “ಮರಿ ಇದ್ದಾಗಿಂದು. ತೊಗಲ ಬೆಳದಂಗ ಕಲೀನೂ ಬೆಳದದ.”

“ಯಾರರ ಅರಿಶಿಣ ಹಚ್ಚಿರಬೇಕು,” ಎಂದಳು ಶಿವಬಸವ್ವ. ವಿಭೂತಿ ಮೆತ್ತಿದ ತನ್ನ ಬೆರಳನ್ನು ಆ ಕಲೆಯ ಮೇಲಿಟ್ಟು, ಅದರ ಉದ್ದವನ್ನು ತಿಳಿದುಕೊಂಡಳು. ಶೈಲಾ ಮೇಲೆ ಹೋಗಿ ಅಪ್ಪನ ಪೆನ್ಸಿಲ್ ತಂದಳು. ಶಿವಬಸವ್ವ ಹೊಳವಿನೊಳಗೆ ಕೈ ತೂರಿಸಿ, ಬರೆಯುತ್ತ ಬರೆಯುತ್ತ ಗಟ್ಟಿಯಾಗಿ ಹೇಳಿದಳು:

“ಹನ್ನೆರಡು. ಮರಿ ಇದ್ದಾಗ ಗಾಯ. ಮಾಯ್ದದ. ನೋಡಿದವ ಹುಸೇನಪ್ಪ.”

ಆಮೇಲೆ ಅವನು ಬಾರು ಎಳೆದು ಬಿಗಿದ. ದನಿ ತುಂಬಿ ಬರಲೆಂದು ಎಡಗಡೆಗೆ ಮೆತ್ತಲು ಪಕ್ಕದ ಮನೆಯ ವರದಾ ಕಣಕದ ಉಂಡೆ ತಂದುಕೊಟ್ಟಳು. ಸಾವಿನ ಮನೆಯಲ್ಲಿ ಅಂದು ಒಲೆ ಹಚ್ಚಿರಲಿಲ್ಲ. ಚನ್ನವೀರಯ್ಯನವರು ಎದ್ದರು, ಹೆಗಲು ಕೊಡುವವರು ಬಗ್ಗಿದರು.

“ಯಾರು ಬಾರಸ್ತೀರಿ?” ಎಂದ ಮಾಂತು.  ಎಲ್ಲರೂ ಶಿವಬಸವ್ವನನ್ನು ನೋಡಿದರು. ಅವಳು ಹುಸೇನಪ್ಪನನ್ನು ನೋಡಿದಳು.

ಮೃದಂಗವನ್ನು ಕೊರಳಿಗೆ ಹಾಕಿಕೊಂಡು ಅವನು ತಲೆ ಬಗ್ಗಿಸಿ, ತೊಗಲಿಗೆ ಬಾಯಿ ಹತ್ತಿರ ತಂದ. ಪೆಂಡಾಲಿನಲ್ಲಿದ್ದವರೆಲ್ಲ ಒಂದು ಹೆಜ್ಜೆ ಮುಂದೆ ಬಂದು ಕಿವಿಗೊಟ್ಟರು. ತುಟಿ ಅಲ್ಲಾಡಿದ್ದು ಕಂಡಿತು, ಕೇಳಿಸಲಿಲ್ಲ.

ಮೊದಲ ಪೆಟ್ಟು ಬಿತ್ತು. ಕಲೆಯ ಮೇಲೆ ಉಳಿದಿದ್ದ ಒಂದು ಬೆರಳಿನ ವಿಭೂತಿ ಎದ್ದು, ಬಿಸಿಲಲ್ಲಿ ಅಷ್ಟು ಹೊತ್ತು ನಿಂತು, ಮತ್ತೆ ಅಲ್ಲೇ ಇಳಿಯಿತು.